ಕೊಲೆಸ್ಟ್ರಾಲೂ ಕಣ್ಣಿಗೆ ಬೀಳದ ರೋಗಿಗಳೂ

ರಕ್ತಪರೀಕ್ಷೆಯ ವರದಿಯನ್ನು ಓದುವುದಕ್ಕೆ ನಮ್ಮ ಜನ ತಮ್ಮದೇ ಆದ ಒಂದು ಕ್ರಮವನ್ನು ಕಂಡುಕೊಂಡಿದ್ದಾರೆ. ಯಾವ ಸಾಲಿನಲ್ಲಿ ಏನಿದೆ, ಯಾವ ಅಂಕಿ ಯಾವುದರ ಸೂಚನೆ ಎಂಬ ಗೊಡವೆಗೆ ಹೋಗದೆ, ದಪ್ಪಕ್ಷರದಲ್ಲಿ ಅಚ್ಚಾದ ಅಂಕಿ ಎಲ್ಲಿಯಾದರೂ ಉಂಟೆ ಎಂದು ಮೇಲಿನಿಂದ ಕೆಳಕ್ಕೊಮ್ಮೆ ಕಣ್ಣು ಹಾಯಿಸಿ, ಇಲ್ಲವಾದರೆ 'ಎಲ್ಲಾ ನಾರ್ಮಲ್' ಎಂದು ಮಡಿಸಿ ಬೀರುವಿಗೆ ಸೇರಿಸುವುದು. ಇದ್ದರೆ, ಪಕ್ಕದಲ್ಲಿ ಅಚ್ಚಾದ ಮಿತಿಗೂ ಅದಕ್ಕೂ ಇರುವ ಅಂತರವನ್ನು ಅಳೆದು, 'ಸ್ವಲ್ಪ ಬಾರ್ಡರ್‌ನಲ್ಲಿದೆ, ಅಷ್ಟೆ' ಎಂದು ಸಮಾಧಾನಪಟ್ಟುಕೊಳ್ಳುವುದು. ಹತ್ತಾರು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ, ರಕ್ತದೊತ್ತಡಕ್ಕೂ ಮಾತ್ರೆ ನುಂಗುತ್ತಿರುವ, ಐವತ್ತೆಂಟರ ವಯಸ್ಸಿನ ಗೃಹಿಣಿಯೊಬ್ಬರ ವರದಿಯಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ ಎಂಬ ಸಾಲಿನ ಎದುರಿಗೆ 118 ಎಂದಿದೆಯೆಂದು ಇಟ್ಟುಕೊಳ್ಳೋಣ. ಪಕ್ಕದಲ್ಲಿ ಅಚ್ಚಾದ ಮಿತಿ 130, ದಪ್ಪಕ್ಷರವಿಲ್ಲ. "ನೋಡಮ್ಮ, ನಿನ್ನ ಕೊಲೆಸ್ಟ್ರಾಲ್ ನಾರ್ಮಲ್ ಇದೆ, ಶುಗರ್ ಒಂದು ನೋಡಿಕೊಂಡರೆ ಸಾಕು" ಎಂದು ಮಗ ಹೇಳುತ್ತಾನೆ. ತಾಯಿಗೂ ಅಷ್ಟೇ ಬೇಕಾಗಿತ್ತು. ಆದರೆ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ನಮ್ಮ ದೇಶದವರಿಗಾಗಿಯೇ ಹೊರಡಿಸಿದ ಮಾರ್ಗಸೂಚಿಯನ್ನು ತೆರೆದು ನೋಡಿದರೆ, ಮಧುಮೇಹ, ರಕ್ತದೊತ್ತಡಗಳಿಂದ ಅಪಾಯ ಹೆಚ್ಚಿರುವ ಇಂಥವರಿಗೆ ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕೆಂದೂ, ಒಮ್ಮೆ ಹೃದಯಾಘಾತವಾದವರಿಗಂತೂ 55ಕ್ಕಿಂತ ಕೆಳಗಿರಬೇಕೆಂದೂ ಅಲ್ಲಿ ಬರೆದಿದೆ. ಅಚ್ಚಾದ ಮಿತಿ ಪ್ರಯೋಗಾಲಯಕ್ಕೆ ಬರುವ ಸರ್ವರಿಗೂ ಒಂದೇ. ಆ ತಾಯಿಯ ಮಿತಿ ಆಕೆಯ ದೇಹದ ಚರಿತ್ರೆಯನ್ನು ಅವಲಂಬಿಸಿದ್ದು, ಮತ್ತು ಆ ಚರಿತ್ರೆ ಯಂತ್ರಕ್ಕೆ ತಿಳಿಯದು.

ಹೃದ್ರೋಗದ ಚಿಕಿತ್ಸೆಯಲ್ಲಿ ಇಂದು ನಡೆಯುತ್ತಿರುವ ಲೋಪಗಳಲ್ಲಿ ಬಹುಪಾಲು ಈ ಬಗೆಯದು. ಔಷಧ ಇದೆ, ಅದು ಅಗ್ಗವೂ ಹೌದು. ಅದರ ಗುಣವನ್ನು ಲಕ್ಷಾಂತರ ಜನರ ಮೇಲೆ ಪರೀಕ್ಷಿಸಿ ನೋಡಿಯೂ ಆಗಿದೆ. ಆದರೂ ಯಾರಿಗೆ ಅದರಿಂದ ಅತ್ಯಧಿಕ ಪ್ರಯೋಜನವೋ ಅವರಲ್ಲಿ ಅನೇಕರಿಗೆ ಅದು ದೊರೆಯುವುದಿಲ್ಲ. ಹೃದ್ರೋಗಿ ಎಂದರೆ ಹೊಟ್ಟೆ ಮುಂದೆ ಬಂದ, ಸಿಗರೇಟು ಸೇದುವ, ಆಫೀಸಿನಲ್ಲಿ ಕೂಗಾಡುವ ನಡುವಯಸ್ಸಿನ ಗಂಡಸು ಎಂಬ ಚಿತ್ರವೊಂದು ಜನರ ಮನಸ್ಸಿನಲ್ಲಿ ಮಾತ್ರವಲ್ಲದೆ ವೈದ್ಯರ ಮನಸ್ಸಿನಲ್ಲಿಯೂ ಬಹುಕಾಲದಿಂದ ನೆಲೆಯೂರಿರುವುದರಿಂದ, ಆ ಚಿತ್ರಕ್ಕೆ ಹೊಂದದವರು ಎಣಿಕೆಯಿಂದಲೇ ಬಿಟ್ಟುಹೋಗುತ್ತಾರೆ. ಹೆಂಗಸರು, ಮಧುಮೇಹಿಗಳು, ಸಣಕಲು ಮೈಯ ತರುಣರು, ಸಂಧಿವಾತದಿಂದಲೋ ಮೂತ್ರಪಿಂಡದ ದೌರ್ಬಲ್ಯದಿಂದಲೋ ಮಾನಸಿಕ ವ್ಯಾಧಿಯಿಂದಲೋ ನರಳುವವರು, ಎಪ್ಪತ್ತೈದು ದಾಟಿದವರು, ಇವರೆಲ್ಲ ಆ ಬಿಟ್ಟುಹೋದವರ ಗುಂಪಿಗೆ ಸೇರಿದವರು.

ಕೊಲೆಸ್ಟ್ರಾಲ್ ಎಂಬುದು ಸ್ವತಃ ವಿಷವಲ್ಲ. ಜೀವಕೋಶದ ಪೊರೆಗೂ, ಪಿತ್ತರಸಕ್ಕೂ, ಹಲವು ಹಾರ್ಮೋನುಗಳಿಗೂ ಅದು ಅವಶ್ಯಕವಾದ ದ್ರವ್ಯ. ಬಹುಭಾಗವನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ, ಅದರಲ್ಲಿ ಯಕೃತ್ತಿನ ಪಾಲು ದೊಡ್ಡದು. ರಕ್ತದಲ್ಲಿ ಕರಗದ ವಸ್ತುವಾದುದರಿಂದ ಅದನ್ನು ಹೊತ್ತೊಯ್ಯುವುದಕ್ಕೆ ವಾಹಕಗಳು ಬೇಕು. ಎಲ್‌ಡಿಎಲ್ ಅಂಥ ಒಂದು ವಾಹಕ. ಮನೆಮನೆಗೆ ಹಾಲು ಹಾಕುವವನು ಬರುವ ಹೊತ್ತಿಗೆ ಬಾಗಿಲಲ್ಲಿ ಪಾತ್ರೆ ಇಟ್ಟಿದ್ದರೆ ಹಾಲು ಒಳಗೆ ಹೋಗುತ್ತದೆ, ಇಡದಿದ್ದರೆ ಬೀದಿಯಲ್ಲೇ ಉಳಿದು ಹುಳಿಯುತ್ತದೆ. ಜೀವಕೋಶಗಳು, ಅದರಲ್ಲಿಯೂ ಯಕೃತ್ತಿನ ಕೋಶಗಳು, ಹೀಗೆ ಬಾಗಿಲಲ್ಲಿ ಇಡುವ ಪಾತ್ರೆಯೇ ಎಲ್‌ಡಿಎಲ್ ಗ್ರಾಹಕ. ಅಮೆರಿಕದ ಡಲ್ಲಾಸ್ ನಗರದಲ್ಲಿ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1970ರ ದಶಕದಲ್ಲಿ ಇದನ್ನು ಕಂಡುಹಿಡಿದು, 1985ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಪಾತ್ರೆಗಳು ಸಾಲದೆಹೋದಾಗ ರಕ್ತದಲ್ಲಿ ಉಳಿದ ಎಲ್‌ಡಿಎಲ್ ಕಣಗಳು ಧಮನಿಯ ಒಳಗೋಡೆಯನ್ನು ಹೊಕ್ಕು ಅಲ್ಲಿ ನೆಲೆಯಾಗಿ ಗಡ್ಡೆಗಟ್ಟುತ್ತವೆ; ಆ ಗಡ್ಡೆ ವರ್ಷಾನುಗಟ್ಟಲೆ ಸದ್ದಿಲ್ಲದೆ ಬೆಳೆದು, ಒಂದು ದಿನ ಬಿರಿದಾಗ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ನಲವತ್ತು ವರ್ಷ ನಡೆದ ಕಾರ್ಯ ನಾಲ್ಕು ನಿಮಿಷದಲ್ಲಿ ಪ್ರಕಟವಾಗುವುದರಿಂದಲೇ ಜನ ಅದನ್ನು 'ಆಘಾತ' ಎನ್ನುತ್ತಾರೆ.

ಇದಕ್ಕೆ ಮದ್ದು ದೊರೆತ ಕಥೆ ಅಕ್ಕಿ ತಿನ್ನುವ ನಮಗೆ ಪ್ರಿಯವಾಗಬೇಕಾದದ್ದು. ಜಪಾನಿನ ಸಾಂಕ್ಯೋ ಎಂಬ ಔಷಧ ಕಂಪೆನಿಯಲ್ಲಿದ್ದ ಅಕಿರಾ ಎಂಡೋ, ಬೂಷ್ಟುಗಳು ತಮ್ಮ ಶತ್ರುಗಳಾದ ಸೂಕ್ಷ್ಮಜೀವಿಗಳನ್ನು ಎದುರಿಸಲು ಕೊಲೆಸ್ಟ್ರಾಲ್ ತಯಾರಿಕೆಯನ್ನು ತಡೆಯುವ ಯಾವುದಾದರೂ ದ್ರವ್ಯವನ್ನು ಸ್ರವಿಸುತ್ತಿರಬಹುದೆಂಬ ಒಂದು ಊಹೆಯನ್ನು ನೆಚ್ಚಿಕೊಂಡು, ಎರಡು ವರ್ಷಗಳ ಕಾಲ ಆರು ಸಾವಿರಕ್ಕೂ ಹೆಚ್ಚು ಸೂಕ್ಷ್ಮಜೀವಿಗಳ ತಳಿಗಳನ್ನು ಶೋಧಿಸಿ, ಕೊನೆಗೆ 1973ರಲ್ಲಿ ಕ್ಯೋಟೋ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ಬೆಳೆದಿದ್ದ ನೀಲಿ-ಹಸಿರು ಬೂಷ್ಟಿನಿಂದ ಮೊದಲ ಸ್ಟಾಟಿನ್ ಅನ್ನು ಬೇರ್ಪಡಿಸಿದ. ಆ ಮೊದಲನೆಯದು ಅಂಗಡಿಗೆ ಬರಲೇ ಇಲ್ಲ. ಅದರ ಸೋದರ ದ್ರವ್ಯವಾದ ಲೊವಾಸ್ಟಾಟಿನ್ 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಸ್ಟಾಟಿನ್ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನು ಕುಗ್ಗಿಸುತ್ತದೆ. ಕೊರತೆಯನ್ನು ಕಂಡ ಯಕೃತ್ತು ಹೆಚ್ಚು ಪಾತ್ರೆಗಳನ್ನು ಬಾಗಿಲಿಗೆ ತಂದಿಡುತ್ತದೆ. ರಕ್ತದ ಎಲ್‌ಡಿಎಲ್ ಇಳಿಯುತ್ತದೆ.

ಇಳಿದರೆ ಜೀವ ಉಳಿಯುವುದೆ ಎಂಬ ಪ್ರಶ್ನೆಗೆ ನಿಸ್ಸಂದಿಗ್ಧವಾದ ಉತ್ತರ ಬಂದದ್ದು 1994ರಲ್ಲಿ. ಸ್ಕ್ಯಾಂಡಿನೇವಿಯ ದೇಶಗಳಲ್ಲಿ ಅದಾಗಲೇ ಹೃದ್ರೋಗವಿದ್ದ 4,444 ಮಂದಿಯನ್ನು ಎರಡು ಪಂಗಡಗಳಾಗಿ ಮಾಡಿ, ಒಂದಕ್ಕೆ ಸಿಮ್ವಾಸ್ಟಾಟಿನ್ ಅನ್ನೂ ಇನ್ನೊಂದಕ್ಕೆ ಮದ್ದಿಲ್ಲದ ಹುಸಿಮಾತ್ರೆಯನ್ನೂ ಕೊಟ್ಟು ಐದು ವರ್ಷಕ್ಕೂ ಮೇಲ್ಪಟ್ಟು ಕಾದು ನೋಡಿದಾಗ, ಹುಸಿಮಾತ್ರೆಯವರಲ್ಲಿ 256 ಮಂದಿಯೂ ಮದ್ದು ಪಡೆದವರಲ್ಲಿ 182 ಮಂದಿಯೂ ಮೃತರಾಗಿದ್ದರು. ವೈದ್ಯಲೋಕ ಹರ್ಷಿಸಿತು, ಹರ್ಷಿಸತಕ್ಕದ್ದೇ. ಆದರೆ ಆ 4,444ರಲ್ಲಿ ಹೆಂಗಸರು 827 ಮಂದಿ ಮಾತ್ರ, ಮರಣದ ಪ್ರಮಾಣ ಅವರಲ್ಲಿಯೂ ತಗ್ಗಿತೆಂದು ಪ್ರತ್ಯೇಕವಾಗಿ ಸಿದ್ಧಪಡಿಸಲು ಆ ಸಂಖ್ಯೆ ಸಾಲದು. ಮರುವರ್ಷ ಸ್ಕಾಟ್ಲೆಂಡಿನ ಪಶ್ಚಿಮ ಭಾಗದಿಂದ ಬಂದ ಇನ್ನೊಂದು ಪ್ರಸಿದ್ಧ ಪರೀಕ್ಷೆಯಲ್ಲಿ 6,595 ಜನರಿದ್ದರು. ಅಷ್ಟೂ ಜನ ಗಂಡಸರು. ಹೀಗೆ ಹೆಂಗಸರನ್ನು ಸೇರಿಸಿಕೊಳ್ಳದೆ ಪರೀಕ್ಷೆ ನಡೆಸಿ, ಅನಂತರ 'ಹೆಂಗಸರಲ್ಲಿ ಇದರ ಪ್ರಯೋಜನಕ್ಕೆ ಸಾಕಷ್ಟು ಪುರಾವೆಯಿಲ್ಲ' ಎಂದು ಪಾಠ ಹೇಳುವ ವಿಚಿತ್ರ ತರ್ಕ ಸುಮಾರು ಎರಡು ದಶಕಗಳ ಕಾಲ ನಡೆಯಿತು. 2015ರಲ್ಲಿ 27 ಪರೀಕ್ಷೆಗಳ, ಸುಮಾರು 1,74,000 ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದ ಮೇಲೆಯೇ ಆ ಮಾತು ನಿಂತದ್ದು: ಸಮಾನ ಅಪಾಯವುಳ್ಳ ಗಂಡಸಿಗೂ ಹೆಂಗಸಿಗೂ ಸ್ಟಾಟಿನ್‌ನಿಂದ ಸಿಗುವ ರಕ್ಷಣೆ ಸರಿಸುಮಾರು ಒಂದೇ, ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಐದನೆಯ ಒಂದು ಪಾಲಿನಷ್ಟು ಕಡಿಮೆಯಾಗುತ್ತವೆ.

ಹೆಣ್ಣಿನ ದೇಹದಲ್ಲಿ ಈ ರೋಗಕ್ಕೆ ಒಂದು ಪ್ರತ್ಯೇಕ ಕಾಲಗಣನೆ ಉಂಟು. ಈಸ್ಟ್ರೋಜೆನ್ ಹಾರ್ಮೋನು ಯಕೃತ್ತಿನ ಗ್ರಾಹಕಗಳನ್ನು ಹೆಚ್ಚಿಸುವುದರಿಂದ ಮುಟ್ಟಾಗುವ ವಯಸ್ಸಿನುದ್ದಕ್ಕೂ ಎಲ್‌ಡಿಎಲ್ ಒಂದು ಹದದಲ್ಲಿರುತ್ತದೆ. ಮುಟ್ಟು ನಿಲ್ಲುವ ಆ ಒಂದೆರಡು ವರ್ಷಗಳಲ್ಲಿ, ಊಟ ಬದಲಾಗದಿದ್ದರೂ, ಅದು ಏರತೊಡಗುತ್ತದೆ. ಗಂಡಸಿಗಿಂತ ಸುಮಾರು ಹತ್ತು ವರ್ಷ ತಡವಾಗಿ ಹೃದಯಾಘಾತ ಬರುವುದೆಂಬ ಮಾತು ನಿಜವೇ ಆದರೂ, ತಡವಾಗಿ ಬರುವುದೆಂಬುದನ್ನು ಬರುವುದೇ ಇಲ್ಲವೆಂದು ತಿಳಿಯುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಇದಕ್ಕೂ ಮುಂಚಿತವಾಗಿಯೇ ದೊರೆಯುವ ಒಂದು ಸೂಚನೆಯನ್ನಂತೂ ನಾವು ಸಂಪೂರ್ಣವಾಗಿ ವ್ಯರ್ಥಮಾಡುತ್ತಿದ್ದೇವೆ. ಗರ್ಭಿಣಿಯಾಗಿದ್ದಾಗ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಂಡು ಸಂಕಟಕ್ಕೊಳಗಾದ ಹೆಂಗಸಿಗೆ ಮುಂದಿನ ಜೀವನದಲ್ಲಿ ಹೃದ್ರೋಗದ ಸಂಭವ ಉಳಿದವರಿಗಿಂತ ಹೆಚ್ಚುಕಡಿಮೆ ಇಮ್ಮಡಿ. ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡವರಿಗೂ ಅಪಾಯ ಅಧಿಕ. ಈ ಸಂಗತಿಗಳೆಲ್ಲ ನಮ್ಮ ರಾಜ್ಯದ ತಾಯಿ ಕಾರ್ಡಿನಲ್ಲಿ ಆಶಾ ಕಾರ್ಯಕರ್ತೆಯೋ ನರ್ಸಮ್ಮನೋ ಕೈಯಾರೆ ಬರೆದಿಟ್ಟವೇ. ಆದರೆ ಆ ಕಾರ್ಡು ಮಗುವಿನ ಚುಚ್ಚುಮದ್ದುಗಳು ಮುಗಿಯುವ ತನಕ ಬಾಳಿ, ಅನಂತರ ಅಟ್ಟದ ಮೇಲಿನ ಟ್ರಂಕಿನಲ್ಲಿ ಮರೆಯಾಗುತ್ತದೆ. ಆ ತಾಯಿಗೆ ಐವತ್ತು ತುಂಬಿದಾಗ ಅವಳೆದುರು ಕೂತ ವೈದ್ಯ, ಬಸಿರಿನಲ್ಲಿ ಬಿಪಿ ಇತ್ತೆ ಎಂದು ಕೇಳುವುದಿಲ್ಲ, ಕೇಳಬೇಕೆಂದು ಅವನಿಗೆ ಯಾರೂ ಕಲಿಸಿರುವುದೂ ಇಲ್ಲ.

ರೋಗ ಪ್ರತ್ಯಕ್ಷವಾದ ದಿನವೂ ಅವಳ ಪಾಡು ಹೆಚ್ಚು ಭಿನ್ನವಲ್ಲ. ಹೆಂಗಸರಲ್ಲಿಯೂ ಎದೆನೋವು, ಎದೆಯ ಬಿಗಿತಗಳೇ ಮುಖ್ಯ ಲಕ್ಷಣಗಳು. ಆದರೆ ಅದರ ಜೊತೆಗೆ ಮೇಲುಸಿರು, ಓಕರಿಕೆ, ದವಡೆಯಲ್ಲಿ ಬೆನ್ನಿನಲ್ಲಿ ಸೆಳೆತ, ಹೇಳತೀರದ ಆಯಾಸ ಇವು ಗಂಡಸರಿಗಿಂತ ಹೆಚ್ಚಾಗಿ ಬೆರೆತು ಬರುವುದರಿಂದ ಚಿತ್ರ ಕಲಸಿಹೋಗುತ್ತದೆ. 'ಗ್ಯಾಸ್ಟ್ರಿಕ್' ಎಂಬ ಸರ್ವರೋಗ ವಿವರಣೆ ನಮ್ಮಲ್ಲಿ ಸಿದ್ಧವಾಗಿಯೇ ಇದೆಯಷ್ಟೆ. ಜೀರಿಗೆ ಕಷಾಯವಾಗುತ್ತದೆ, ಸೋಡಾ ಆಗುತ್ತದೆ, ಔಷಧದಂಗಡಿಯಿಂದ ತಂದ ಗುಳಿಗೆಯಾಗುತ್ತದೆ, "ಮೊದಲು ನಿಮ್ಮ ಊಟ ಆಗಲಿ, ನಂಗೆ ಸ್ವಲ್ಪ ಮಲಗಿದ್ರೆ ಸರಿಹೋಗತ್ತೆ" ಎಂದು ಅವಳು ಅನ್ನುತ್ತಾಳೆ, ಮನೆಯವರು ನಂಬುತ್ತಾರೆ. ಹೀಗೆ ಕಳೆದುಹೋಗುವ ಒಂದೊಂದು ಗಂಟೆಯಲ್ಲಿಯೂ ಹೃದಯದ ಮಾಂಸ ಸಾಯುತ್ತಿರುತ್ತದೆ. ಇಲ್ಲಿ ಒಂದು ಎಚ್ಚರದ ಮಾತನ್ನೂ ಸೇರಿಸಬೇಕು: ಮಕ್ಕಳನ್ನು ಪಡೆಯುವ ಯೋಚನೆಯಿರುವ ಹೆಂಗಸರು ಸ್ಟಾಟಿನ್ ವಿಷಯವನ್ನು ಮೊದಲೇ ವೈದ್ಯರೊಡನೆ ಆಡಿಕೊಂಡಿರಬೇಕು, ಬಸಿರಿನಲ್ಲಿ ಸಾಮಾನ್ಯವಾಗಿ ಅದನ್ನು ನಿಲ್ಲಿಸುವುದೇ ಪದ್ಧತಿ. ಆದರೆ ಈ ಕಾರಣವನ್ನು ಮುಂದುಮಾಡಿ ಐವತ್ತೈದರ ಹೆಂಗಸಿಗೂ ಮಾತ್ರೆ ಬರೆಯಲು ಹಿಂಜರಿಯುವುದಕ್ಕೆ ಅರ್ಥವಿಲ್ಲ.

ಹೆಂಗಸರನ್ನು ಬಿಟ್ಟು ನೋಡಿದರೂ ಭಾರತೀಯರೆಂಬ ಇಡೀ ಸಮುದಾಯವೇ ಒಂದರ್ಥದಲ್ಲಿ ಆ ಹಳೆಯ ಚಿತ್ರದ ಹೊರಗೆ ನಿಂತದ್ದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಅಧ್ಯಯನ, ಹೃದಯಾಘಾತಕ್ಕೆ ಕಾರಣವಾಗುವ ಅಪಾಯಗಳು ಜಗತ್ತಿನಾದ್ಯಂತ ಬಹುಮಟ್ಟಿಗೆ ಅವೇ ಒಂಬತ್ತು ಎಂಬುದನ್ನು ತೋರಿಸಿತು. ಅದರಲ್ಲಿ ದಕ್ಷಿಣ ಏಷ್ಯದವರ ಲೆಕ್ಕವನ್ನು ಪ್ರತ್ಯೇಕವಾಗಿ ತೆಗೆದು ನೋಡಿದಾಗ ಮೊದಲ ಹೃದಯಾಘಾತದ ಮಧ್ಯಮ ವಯಸ್ಸು 53 ಎಂದೂ, ಉಳಿದವರಲ್ಲಿ ಸುಮಾರು 59 ಎಂದೂ ಕಂಡುಬಂದಿತು. ಕಾರಣಗಳು ಅವೇ, ನಮ್ಮವರನ್ನು ಅವು ಬೇಗ ಹಿಡಿಯುತ್ತವೆ, ಅಷ್ಟೆ. ಹೊರಗೆ ತೆಳ್ಳಗೆ ಕಂಡರೂ ಹೊಟ್ಟೆಯೊಳಗೆ ಕೊಬ್ಬು ತುಂಬಿಕೊಂಡಿರುವುದು, ಟ್ರೈಗ್ಲಿಸರೈಡು ಎಂಬ ಕೊಬ್ಬು ಹೆಚ್ಚಾಗಿ, 'ಒಳ್ಳೆಯ ಕೊಲೆಸ್ಟ್ರಾಲ್' ಎನ್ನುವ ಎಚ್‌ಡಿಎಲ್ ಕಡಿಮೆಯಾಗಿರುವುದು, ಎಲ್‌ಡಿಎಲ್ ಕಣಗಳು ಸಣ್ಣದಾಗಿ ಸಾಂದ್ರವಾಗಿ ಇರುವುದು ನಮ್ಮಲ್ಲಿ ಸಾಮಾನ್ಯ. ಇಂಥವರಲ್ಲಿ ಎಲ್‌ಡಿಎಲ್ ಅಂಕಿ ಮಾತ್ರ ನೋಡಿದರೆ ಮೋಸಹೋಗುವ ಸಂಭವವುಂಟಾದ್ದರಿಂದ, ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು ಉಳಿದ ಮೊತ್ತವನ್ನೂ ಗಮನಿಸಬೇಕೆಂದು ತಜ್ಞರು ಹೇಳುತ್ತಾರೆ. ಹಾಗೆಯೇ ಎಲ್‌ಪಿ(ಎ) ಎಂಬ ಇನ್ನೊಂದು ಕಣ. ಅದರ ಪ್ರಮಾಣ ಊಟ-ವ್ಯಾಯಾಮಗಳಿಗೆ ಜಗ್ಗದೆ ಹುಟ್ಟಿನಿಂದಲೇ ನಿರ್ಧಾರವಾಗಿರುವುದರಿಂದ ಜೀವಮಾನದಲ್ಲಿ ಒಮ್ಮೆ ಪರೀಕ್ಷಿಸಿಕೊಂಡರೆ ಸಾಕು. ಅಮೆರಿಕದಲ್ಲಿ ನೆಲೆಸಿದ ನಮ್ಮ ಸಾಫ್ಟ್‌ವೇರ್ ತರುಣರ ಅಪಾಯವನ್ನು ಅಲ್ಲಿಯ ಲೆಕ್ಕಾಚಾರದ ಸೂತ್ರಗಳು ಬಹುಕಾಲ ಕಡಿಮೆಯಾಗಿಯೇ ತೋರಿಸುತ್ತಿದ್ದವು. 2018ರ ಅಮೆರಿಕನ್ ಮಾರ್ಗಸೂಚಿ ದಕ್ಷಿಣ ಏಷ್ಯದ ವಂಶವನ್ನೇ ಅಪಾಯವರ್ಧಕ ಸಂಗತಿಯೆಂದು ಪರಿಗಣಿಸಬೇಕೆಂದಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ನಲವತ್ತರೊಳಗಿನ ಹೃದ್ರೋಗಿಗಳಿಗಾಗಿ ಪ್ರತ್ಯೇಕ ದಾಖಲೆಯನ್ನೇ ತೆರೆಯಬೇಕಾಗಿ ಬಂದಿರುವಾಗ, ಹದಿನೆಂಟು ತುಂಬಿದೊಡನೆ ಒಮ್ಮೆ ಕೊಲೆಸ್ಟ್ರಾಲ್ ಪರೀಕ್ಷೆ ಆಗಲಿ ಎಂಬ ನಮ್ಮ ಕಾರ್ಡಿಯಾಲಜಿಕಲ್ ಸೊಸೈಟಿಯ ಸಲಹೆಯನ್ನು ಅತಿಯೆನ್ನುವಂತಿಲ್ಲ. ಅದಕ್ಕೆ ಬರಿಹೊಟ್ಟೆಯಲ್ಲಿ ಹೋಗಬೇಕೆಂಬ ಹಳೆಯ ನಿರ್ಬಂಧವನ್ನೂ ಬಹುಮಟ್ಟಿಗೆ ಸಡಿಲಿಸಿದ್ದಾರೆ.

ಮಧುಮೇಹಿಗಳ ವಿಷಯದಲ್ಲಿ ಹೇಳಬೇಕಾದದ್ದು ಒಂದೇ ಮಾತು. ಅವರಲ್ಲಿ ಅನೇಕರು ಕಡೆಗೆ ಸಾಯುವುದು ಹೃದಯದಿಂದ. ಅವರ ಪರಿಶ್ರಮವೆಲ್ಲ ವ್ಯಯವಾಗುವುದು ಸಕ್ಕರೆಯ ಅಂಕಿಯ ಮೇಲೆ. 2004ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹೃದ್ರೋಗವಿನ್ನೂ ಕಾಣಿಸಿಕೊಳ್ಳದ 2,838 ಮಧುಮೇಹಿಗಳಲ್ಲಿ ಅರ್ಧದಷ್ಟು ಜನಕ್ಕೆ ದಿನಕ್ಕೆ ಬರಿಯ 10 ಮಿಲಿಗ್ರಾಂ ಅಟೋರ್ವಾಸ್ಟಾಟಿನ್ ಕೊಟ್ಟದ್ದರಿಂದ ಹೃದಯ-ಮಿದುಳುಗಳ ಆಘಾತಗಳು ನೂರಕ್ಕೆ 37 ಪಾಲು ಕಡಿಮೆಯಾದವು. ನಲವತ್ತು ದಾಟಿದ ಮಧುಮೇಹಿಗೆ, ಎಲ್‌ಡಿಎಲ್ ಅಂಕಿ ಚೆನ್ನಾಗಿಯೇ ಇದ್ದರೂ, ಸ್ಟಾಟಿನ್ ಯೋಚಿಸಬೇಕೆಂಬುದು ಇಂದು ಸರ್ವಸಮ್ಮತ.

ವಂಶದಿಂದ ಬರುವ ಅತಿಕೊಲೆಸ್ಟ್ರಾಲ್‌ನ ವಿಷಯ ಸ್ವಲ್ಪ ಬೇರೆ. ಸುಮಾರು 250 ಜನರಲ್ಲಿ ಒಬ್ಬರಿಗೆ, ತಂದೆಯಿಂದಲೋ ತಾಯಿಯಿಂದಲೋ ಬಂದ ಒಂದು ದೋಷದಿಂದಾಗಿ, ಬಾಗಿಲಲ್ಲಿಡುವ ಪಾತ್ರೆಗಳು ಹುಟ್ಟಿನಿಂದಲೇ ಅರ್ಧಕ್ಕರ್ಧ ಕಡಿಮೆ. ಅವರ ಎಲ್‌ಡಿಎಲ್ 190ನ್ನು ದಾಟಿರುವುದು ಸಾಮಾನ್ಯ. ತುಪ್ಪ ಬಿಟ್ಟರೂ ಮೊಟ್ಟೆ ಬಿಟ್ಟರೂ ಅದು ಸಾಕಷ್ಟು ಇಳಿಯದು. ಚಿಕಿತ್ಸೆಯಿಲ್ಲದಿದ್ದರೆ ಇಂಥ ಗಂಡಸರಲ್ಲಿ ಅರ್ಧದಷ್ಟು ಜನ ಐವತ್ತರೊಳಗೆ ಹೃದ್ರೋಗಕ್ಕೆ ಗುರಿಯಾಗುತ್ತಾರೆ. 'ಆ ಮನೆಯಲ್ಲಿ ಗಂಡಸರು ಬಾಳುವುದಿಲ್ಲ' ಎಂದು ಊರಲ್ಲಿ ಮಾತಾಡಿಕೊಳ್ಳುವುದುಂಟಲ್ಲ, ಅಂಥ ಮನೆಗಳಲ್ಲಿ ಕೆಲವಕ್ಕಾದರೂ ಶಾಪ ತಗುಲಿರುವುದು ಈ ದಾರಿಯಲ್ಲಿ. ತಂದೆತಾಯಿ ಇಬ್ಬರಲ್ಲಿಯೂ ದೋಷವಿದ್ದು ಮಗುವಿಗೆ ಎರಡೂ ಬಂದರೆ ಪರಿಸ್ಥಿತಿ ದಾರುಣ; ಮೊಣಕೈ, ಮೊಣಕಾಲುಗಳ ಮೇಲೆ ಹಳದಿ ಗಂಟುಗಳೆದ್ದು, ಅದನ್ನು ಚರ್ಮದ ಕಾಯಿಲೆಯೆಂದು ತೋರಿಸುತ್ತಿರುವಾಗಲೇ, ಇಪ್ಪತ್ತು ತುಂಬುವ ಮುನ್ನ ಹೃದಯಾಘಾತವಾಗಬಹುದು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ, ಅತ್ತೆಯ ಮಗನಿಗೆ ಮಾವನ ಮಗಳನ್ನು ತರುವ ಪದ್ಧತಿ ಇನ್ನೂ ಬಿಟ್ಟುಹೋಗದ ನಮ್ಮ ನಾಡಿನಲ್ಲಿ ಇಬ್ಬರಲ್ಲಿಯೂ ಒಂದೇ ದೋಷವಿರುವ ಸಂಭವ ಹೆಚ್ಚೆಂಬುದನ್ನು ವಿವರಿಸಬೇಕಾಗಿಲ್ಲ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪವಾಗಿರುವುದು, ಕಣ್ಣುರೆಪ್ಪೆಯ ಬಳಿ ಹಳದಿ ಮಚ್ಚೆ, ಎಳೆಯ ವಯಸ್ಸಿನಲ್ಲೇ ಕಣ್ಣಾಲಿಯ ಸುತ್ತ ಬಿಳಿಯ ಉಂಗುರ ಇವು ಗುರುತುಗಳು. ಮನೆಯಲ್ಲಿ ಒಬ್ಬರಿಗೆ ಇದೆಯೆಂದು ತಿಳಿದ ಕೂಡಲೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರ ರಕ್ತವನ್ನೂ ಪರೀಕ್ಷಿಸಬೇಕು. ಇಲ್ಲಿ ರೋಗಿಯೆಂದರೆ ಇಡೀ ಕುಟುಂಬ.

ಉಳಿದ ಕೆಲವು ಗುಂಪುಗಳಲ್ಲಿ ಉಪೇಕ್ಷೆಗೆ ಕಾರಣ, ಒಂದು ದೊಡ್ಡ ರೋಗದ ನೆರಳಿನಲ್ಲಿ ಇನ್ನೊಂದು ಕಾಣದೆಹೋಗುವುದು. ಕೀಲುಗಳು ಬಾತು ನೋಯುವ ರುಮಟಾಯ್ಡ್ ಸಂಧಿವಾತದವರಿಗೆ ಹೃದ್ರೋಗದ ಸಂಭವ ಸುಮಾರು ಒಂದೂವರೆ ಪಟ್ಟು. ವಿಚಿತ್ರವೆಂದರೆ ಅವರಲ್ಲಿ ಉರಿಯೂತ ತೀವ್ರವಾಗಿರುವಾಗ ರಕ್ತದ ಎಲ್‌ಡಿಎಲ್ ಕೆಳಗಿಳಿದು, ಅತ್ಯಂತ ಅಪಾಯದ ಹೊತ್ತಿನಲ್ಲಿಯೇ ವರದಿ ಅತ್ಯಂತ ಚೆನ್ನಾಗಿ ಕಾಣುತ್ತದೆ. ತೀವ್ರ ಮಾನಸಿಕ ವ್ಯಾಧಿಯವರು ಇತರರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಮುಂಚೆ ತೀರಿಕೊಳ್ಳುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಮತ್ತು ಆ ಸಾವುಗಳಲ್ಲಿ ಹೆಚ್ಚಿನವು ದೇಹದ ಕಾಯಿಲೆಗಳಿಂದ. ಮನಸ್ಸನ್ನು ಸ್ತಿಮಿತಕ್ಕೆ ತರುವ ಒಲಾಂಜಪಿನ್, ಕ್ಲೋಜಪಿನ್‌ನಂಥ ಔಷಧಗಳೇ ತೂಕವನ್ನೂ ಕೊಬ್ಬನ್ನೂ ಏರಿಸುತ್ತವೆಂದು ತಿಳಿದಿದ್ದರೂ, ರಕ್ತದ ಪರೀಕ್ಷೆ ನಿಯತವಾಗಿ ನಡೆಯುವುದು ಅಪರೂಪ. ಎದೆನೋವೆಂದು ಅವರು ಹೇಳಿದರೂ 'ಮನಸ್ಸಿಗೆ ಸಂಬಂಧಿಸಿದ್ದು' ಎಂದು ಕೇಳಿಸಿಕೊಳ್ಳುವವರೇ ಹೆಚ್ಚು. ಎಚ್‌ಐವಿ ಸೋಂಕಿನವರು ಈಗ ದಶಕಗಟ್ಟಲೆ ಬಾಳುತ್ತಾರೆ. ಭಾರತವೂ ಸೇರಿದಂತೆ ಹಲವು ದೇಶಗಳ 7,769 ಮಂದಿಯಲ್ಲಿ ಪಿಟಾವಾಸ್ಟಾಟಿನ್ ಕೊಟ್ಟು ನೋಡಿದ 2023ರ ಪರೀಕ್ಷೆಯಲ್ಲಿ, ಲೆಕ್ಕದ ಪ್ರಕಾರ ಅಪಾಯ ಕಡಿಮೆಯೆಂದು ಎಣಿಸಿದ್ದವರಲ್ಲಿಯೂ ಹೃದಯದ ಆಪತ್ತುಗಳು ನೂರಕ್ಕೆ 35 ಪಾಲು ತಗ್ಗಿದವು. ಆದರೆ ಕೆಲವು ಎಚ್‌ಐವಿ ಮಾತ್ರೆಗಳ ಜೊತೆ ಸಿಮ್ವಾಸ್ಟಾಟಿನ್ ಸೇರಬಾರದು. ಯಾವ ಸ್ಟಾಟಿನ್ ಎಂಬುದನ್ನು ವೈದ್ಯರೇ ಆರಿಸಬೇಕು. ಮೂತ್ರಪಿಂಡದ ವಿಷಯದಲ್ಲಿ ಕಾಲವೇ ಮುಖ್ಯ. ಮೂತ್ರಪಿಂಡ ಕ್ಷೀಣಿಸುತ್ತಿರುವಾಗ ಕೊಟ್ಟ ಮಾತ್ರೆ ಉಪಯುಕ್ತ. ಡಯಾಲಿಸಿಸ್ ಹಂತಕ್ಕೆ ಬಂದ ಮೇಲೆ ಹೊಸದಾಗಿ ಆರಂಭಿಸಿದರೆ ಗಣ್ಯವಾದ ಲಾಭವಿಲ್ಲವೆಂದು ಜರ್ಮನಿಯ ಪರೀಕ್ಷೆಯೊಂದು 2005ರಲ್ಲಿಯೇ ತೋರಿಸಿಕೊಟ್ಟಿತು.

ವೃದ್ಧರ ಪ್ರಶ್ನೆ ಇಷ್ಟು ಸರಳವಲ್ಲ. ಎಪ್ಪತ್ತೈದು ದಾಟಿದವರಿಗೆ ಈ ಹಿಂದೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿದ್ದರೆ ಮಾತ್ರೆಯಿಂದ ಉಪಕಾರವಿದೆ, ವಯಸ್ಸಿನ ನೆಪದಲ್ಲಿ ಅದನ್ನು ತಪ್ಪಿಸುವುದು ಅನ್ಯಾಯ. ಆದರೆ ಹೃದ್ರೋಗವೇ ಇಲ್ಲದ ಎಂಬತ್ತರ ಅಜ್ಜಿಗೆ ಹೊಸದಾಗಿ ಆರಂಭಿಸಬೇಕೆ ಎಂಬುದಕ್ಕೆ ದೊರೆತಿರುವ ಪುರಾವೆ ಬಲಹೀನ. ಹತ್ತು ಬಗೆಯ ಮಾತ್ರೆಗಳ ಡಬ್ಬಿಯನ್ನು ಹೊತ್ತ ಆಕೆಗೆ ಹನ್ನೊಂದನೆಯದು ಬೇಕೋ ಬೇಡವೋ ಎಂಬುದನ್ನು ಆಕೆಯೊಡನೆಯೇ ಕೂತು ಆಕೆಯ ಇಚ್ಛೆಯನ್ನು ಕೇಳಿ ನಿಶ್ಚಯಿಸುವುದು ಯಾವ ಮಾರ್ಗಸೂಚಿಗಿಂತಲೂ ಮೇಲೆಂದು ನನ್ನ ಅಭಿಪ್ರಾಯ.

ಮಾತ್ರೆಯ ಭಯದ ಕುರಿತೂ ಎರಡು ಮಾತು ಸಲ್ಲಬೇಕು, ಏಕೆಂದರೆ ಬರೆದುಕೊಟ್ಟ ಮಾತ್ರೆ ಹೊಟ್ಟೆಗೆ ಸೇರದೆ ಹೋಗುವುದಕ್ಕೆ ಅದೇ ಮುಖ್ಯ ಕಾರಣ. ಕಾಲುನೋವು, ಮೈಕೈ ನೋವು ಎಂದು ಸ್ಟಾಟಿನ್ ಬಿಟ್ಟ 60 ಮಂದಿಯನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಕಲೆಹಾಕಿ, ಒಬ್ಬೊಬ್ಬರಿಗೂ ಹನ್ನೆರಡು ಸೀಸೆಗಳನ್ನು ಕೊಟ್ಟರು: ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಹುಸಿಮಾತ್ರೆ, ನಾಲ್ಕು ಬರಿದು. ಒಂದೊಂದು ತಿಂಗಳಿಗೆ ಒಂದೊಂದು ಸೀಸೆ. ಪ್ರತಿದಿನವೂ ತಮ್ಮ ನೋವಿಗೆ ನೂರರಲ್ಲಿ ಇಷ್ಟೆಂದು ಅಂಕ ಕೊಡುವುದು. ಬರಿದಾದ ಸೀಸೆಯ ತಿಂಗಳುಗಳಲ್ಲಿ ಸರಾಸರಿ ಅಂಕ 8. ಸ್ಟಾಟಿನ್ ತಿಂಗಳುಗಳಲ್ಲಿ 16.3, ಹುಸಿಮಾತ್ರೆಯ ತಿಂಗಳುಗಳಲ್ಲಿ 15.4. ಎಂದರೆ ನೋವು ಸುಳ್ಳಾಗಿರಲಿಲ್ಲ, ಅವರು ನಿಜವಾಗಿಯೇ ನೊಂದಿದ್ದರು. ಆದರೆ ಆ ನೋವಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹುಟ್ಟಿದ್ದು ಮಾತ್ರೆಯನ್ನು ನುಂಗುತ್ತಿದ್ದೇನೆಂಬ ಎಣಿಕೆಯಿಂದ, ಒಳಗಿದ್ದ ದ್ರವ್ಯದಿಂದಲ್ಲ. ತಮ್ಮದೇ ಲೆಕ್ಕವನ್ನು ಕಣ್ಣಾರೆ ಕಂಡ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟಾಟಿನ್ ಆರಂಭಿಸಿದರು. ನಿಜವಾದ ಸ್ನಾಯುಹಾನಿಯೂ ಇಲ್ಲದಿಲ್ಲ. ತಡೆಯಲಾಗದ ನೋವಿನೊಡನೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, ಆದರೆ ಅದು ಅತ್ಯಂತ ವಿರಳ. ಮಧುಮೇಹದ ಹೊಸ್ತಿಲಲ್ಲಿರುವವರಲ್ಲಿ ಸಕ್ಕರೆ ತುಸು ಏರಬಹುದೆಂಬುದೂ ನಿಜ. ಹೃದಯಕ್ಕೆ ದೊರೆಯುವ ರಕ್ಷಣೆಯ ಮುಂದೆ ಅದು ಅಲ್ಪ. ಸ್ಟಾಟಿನ್ ನಿಜಕ್ಕೂ ಒಗ್ಗದವರಿಗೆ ಎಜೆಟಿಮೈಬ್ ಇದೆ, ಬೆಂಪೆಡೋಯಿಕ್ ಆಮ್ಲವಿದೆ. ಈ ಎರಡನೆಯದರ 2023ರ ಪರೀಕ್ಷೆಯಲ್ಲಿ ಸುಮಾರು 14,000 ಮಂದಿಯ ಪೈಕಿ ಅರ್ಧದ ಹತ್ತಿರ ಹೆಂಗಸರೇ ಇದ್ದದ್ದನ್ನು ನೋಡಿದರೆ ಮೂವತ್ತು ವರ್ಷಗಳಲ್ಲಿ ವಿಜ್ಞಾನ ಸ್ವಲ್ಪ ನಾಚಿಕೊಂಡಿತೆನ್ನಬೇಕು.

ಇದಕ್ಕಿಂತ ಸಾಮಾನ್ಯವಾದದ್ದು ಇನ್ನೊಂದು ತೊಡಕು. ಮೂರು ತಿಂಗಳು ಮಾತ್ರೆ ತಿಂದು, ಮತ್ತೆ ಪರೀಕ್ಷೆ ಮಾಡಿಸಿ, ಅಂಕಿ ಇಳಿದಿರುವುದನ್ನು ಕಂಡು, "ಈಗ ನಾರ್ಮಲ್ ಬಂತಲ್ಲ ಡಾಕ್ಟ್ರೇ, ಇನ್ಯಾಕೆ" ಎಂದು ನಿಲ್ಲಿಸಿಬಿಡುವುದು. ಅಂಕಿ ಇಳಿದದ್ದು ಮಾತ್ರೆಯಿಂದ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅದು ಮೊದಲಿನ ಜಾಗಕ್ಕೆ ಮರಳುತ್ತದೆ. ಊಟದ ಹಿಡಿತವೂ ಬೇಕು. ಬೇಕರಿಯ ಪಫ್ಫು, ಡಾಲ್ಡಾದ ತಿಂಡಿ, ಕರಿದದ್ದು ಕಡಿಮೆಯಾಗಬೇಕು, ಕಾಳುಬೇಳೆ-ತರಕಾರಿ ಹೆಚ್ಚಾಗಬೇಕು. ಆದರೆ ಪಥ್ಯವೊಂದರಿಂದಲೇ 140 ಇದ್ದದ್ದು 70ಕ್ಕೆ ಇಳಿಯುವುದೆಂದು ನೆಚ್ಚಿ ಕುಳಿತರೆ ಕಾಲ ಮಿಂಚಿಹೋಗುತ್ತದೆ.

ನಾವು ಎಷ್ಟು ಹಿಂದಿದ್ದೇವೆಂಬುದಕ್ಕೆ ಒಂದು ಲೆಕ್ಕ ಸಾಕು. 17 ದೇಶಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಮನೆಗಳಿಗೆ ಹೋಗಿ ವಿಚಾರಿಸಿದ ಪ್ಯೂರ್ ಅಧ್ಯಯನ 2011ರಲ್ಲಿ ಪ್ರಕಟಿಸಿದಂತೆ, ಒಮ್ಮೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿ ಬದುಕಿದವರ ಪೈಕಿ ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದವರು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 66.5, ಭಾರತ ಸೇರಿದ್ದ ಕಡಿಮೆ ಆದಾಯದ ದೇಶಗಳ ಗುಂಪಿನಲ್ಲಿ 3.3. ಒಟ್ಟಾರೆ ಹೆಂಗಸರ ಪಾಲು ಗಂಡಸರಿಗಿಂತ ಕಡಿಮೆಯಾಗಿತ್ತು. ಈ ಅಂತರವನ್ನು ತುಂಬುವುದಕ್ಕೆಂದೇ ಸ್ಟಾಟಿನ್ ಅನ್ನೂ ರಕ್ತದೊತ್ತಡದ ಔಷಧಗಳನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿದ 'ಪಾಲಿಪಿಲ್' ಹುಟ್ಟಿದ್ದು. ಅದರ ಮೊದಲ ಭಾರತೀಯ ಪರೀಕ್ಷೆ ಸೇಂಟ್ ಜಾನ್ಸ್ ಕಾಲೇಜಿನ ಉಸ್ತುವಾರಿಯಲ್ಲಿ ನಮ್ಮ ದೇಶದ 50 ಕೇಂದ್ರಗಳಲ್ಲಿ ನಡೆದು 2009ರಲ್ಲಿ ಬೆಳಕಿಗೆ ಬಂತು. ಅದರ ಮುಂದಿನ ದೊಡ್ಡ ಪರೀಕ್ಷೆಯಲ್ಲಿದ್ದ 5,713 ಮಂದಿಯಲ್ಲಿ ಅರ್ಧದ ಹತ್ತಿರ ಭಾರತೀಯರು, ಅರ್ಧಕ್ಕಿಂತ ಹೆಚ್ಚು ಹೆಂಗಸರು. ಪಾಲಿಪಿಲ್ ಜೊತೆಗೆ ಆಸ್ಪಿರಿನ್ ಸೇರಿಸಿ ಕೊಟ್ಟವರಲ್ಲಿ ಹೃದಯದ ಆಪತ್ತುಗಳು ನೂರಕ್ಕೆ 31 ಪಾಲು ಕಡಿಮೆಯಾದುವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತನ್ನ ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿಕೊಂಡಿತು. ಆದರೆ ಅದೇ ಪರೀಕ್ಷೆಯಲ್ಲಿ, ದುಷ್ಪರಿಣಾಮದ ಕಾರಣವಿಲ್ಲದೆಯೇ, ನಾಲ್ಕು ವರ್ಷ ಕಳೆಯುವುದರೊಳಗೆ ಮೂರನೆಯ ಒಂದು ಪಾಲಿನಷ್ಟು ಜನ ಗುಳಿಗೆಯನ್ನು ಬಿಟ್ಟಿದ್ದರು. ಕೆಲವರಿಗೆ ಸರಬರಾಜು ತಪ್ಪಿತ್ತು, ಕೆಲವರಿಗೆ ಕೋವಿಡ್ ಅಡ್ಡ ಬಂದಿತ್ತು. ಊರೂರಿನಲ್ಲಿ ಮನೆಮನೆಗೆ ಹೋಗಿ ಬಿಪಿ-ಶುಗರ್ ನೋಡುವ ನಮ್ಮ ಸರಕಾರಿ ತಪಾಸಣೆಯಲ್ಲಿ ಕೊಲೆಸ್ಟ್ರಾಲ್‌ಗೆ ಇನ್ನೂ ಸ್ಥಳ ದೊರೆತಿಲ್ಲ, ದೊರೆಯುವ ತನಕವಾದರೂ ಆ ಚೀಟಿಯಲ್ಲಿ ಮಧುಮೇಹವೆಂದು ಬರೆಸಿಕೊಂಡ ನಲವತ್ತು ದಾಟಿದ ಪ್ರತಿಯೊಬ್ಬ ಹೆಂಗಸೂ ಗಂಡಸೂ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು "ನನಗೆ ಕೊಲೆಸ್ಟ್ರಾಲ್ ಮಾತ್ರೆ ಬೇಕಾ?" ಎಂದು ಕೇಳುವುದಕ್ಕೆ ಯಾವ ಪರೀಕ್ಷೆಯ ವರದಿಯೂ ಕೈಯಲ್ಲಿರಬೇಕಾಗಿಲ್ಲ.